ಕೆಂಪು ದಾರದ ಕ್ರಿಯಾಪದಗಳು

ಸಾಂತಾಕ್ರೂಜಿನಲ್ಲಿ, ಇಳಿಯುವ ವಿಮಾನಗಳ ಹೊಟ್ಟೆ ಕಾಣುವಷ್ಟು ಹತ್ತಿರದಲ್ಲಿ, ನೂರಾ ಎಂಬತ್ತು ಕೋಣೆಗಳ ಒಂದು ಹೋಟೆಲಿದೆ. ಅಷ್ಟೂ ಕೋಣೆಗಳಿಗೆ ಹಾಸು, ಹೊದಿಕೆ, ಟವೆಲ್ಲು, ದಿಂಬಿನ ಕವರು ಒದಗಿಸುವ ಲಿನನ್ ರೂಮು ಮಾತ್ರ ನೆಲಮಾಳಿಗೆಯಲ್ಲಿ ಒಂದೇ. ಅಲ್ಲಿ ಶಾಹೀನ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ಆಳಂದದ ಕಡೆಯ ಹೆಂಗಸು, ನಲವತ್ತರ ಹತ್ತಿರದ ವಯಸ್ಸು. ಒಂದು ಹಾಸನ್ನು ಬೆರಳುಗಳ ನಡುವೆ ಹಿಡಿದರೆ ಸಾಕು, ಇದು ಇನ್ನೆಷ್ಟು ಒಗೆತ ತಾಳೀತು ಎಂದು ಹೇಳಿಬಿಡುತ್ತಿದ್ದಳು, ಮತ್ತು ಅದು ಅಷ್ಟೇ ಒಗೆತ ತಾಳುತ್ತಿತ್ತು.

ಲಿನನ್ ರೂಮಿನ ಸೂಪರ್‌ವೈಸರ್ ಸದಾನಂದ ಆ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಅವನ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ನೆಲಮಾಳಿಗೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಲಿನ ಮಹಡಿಯವರಿಗೆ ಮಾತ್ರ ಗೊತ್ತಿರಲಿಲ್ಲ. ಸೂಪರ್‌ವೈಸರ್ ಅಂದರೆ ದಿನವೂ ಇಂಗ್ಲಿಷಿನಲ್ಲಿ ವರದಿ ಬರೆಯಬೇಕು, ಒಗೆಯುವ ಕಂಪನಿಗೆ ಪತ್ರ ಕಳಿಸಬೇಕು. ಆದ್ದರಿಂದ ಇಪ್ಪತ್ತು ಅಂಕದ ಇಂಗ್ಲಿಷ್ ಪರೀಕ್ಷೆ, ಮೇಲೊಂದು ಇಂಟರ್‌ವ್ಯೂ ಎಂದು ನೋಟೀಸು ಬಿತ್ತು. ಪರೀಕ್ಷೆಗೆ ಹೊರಗಿನವರೂ ಕೂರಬಹುದು, ತಾನು ಪಾಸಾಗದಿದ್ದರೆ ಅವರಲ್ಲೇ ಯಾರನ್ನೋ ತರುತ್ತಾರೆ. ಹಾಗೆ ಬಂದವರಿಗೆ ಕೆಲಸ ಕಲಿಸುವ ಕರ್ಮವೂ ತನ್ನ ಪಾಲಿಗೇ ಬರುತ್ತದೆ ಎಂದು ನೆನೆದರೆ ಶಾಹೀನಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಆ ಕುರ್ಚಿ ಬೇಕಿತ್ತು. ಇದನ್ನು ಅವಳು ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲವೆಂದಲ್ಲ. ಲಿಫ್ಟಿನಲ್ಲಿ ಎದುರಾದ ಗೆಸ್ಟುಗಳ ಜೊತೆ ನಾಲ್ಕು ಮಾತು ಆಡುವಷ್ಟು ಬರುತ್ತಿತ್ತು. ಆದರೆ ಹಿಂದಿನ ವರ್ಷ ಬೇರೆ ವಿಭಾಗದವರಿಗೆ ಕೊಟ್ಟ ಪ್ರಶ್ನೆಪತ್ರಿಕೆ ನೋಡಿದರೆ ಇಪ್ಪತ್ತರಲ್ಲಿ ಹತ್ತು ಒಂದೇ ತರಹ: ಒಂದು ಕ್ರಿಯಾಪದ ಕೊಟ್ಟು, ಅದರ ಮುಂದೆ 'ಟು ವಾಶ್' ಬರಬೇಕೋ 'ವಾಶಿಂಗ್' ಬರಬೇಕೋ ಆರಿಸಿ ಎಂದು. ಹದಿನೈದು ವರ್ಷದ ಮಗಳು ನೂರೀನ ಇಂಗ್ಲಿಷ್ ಮೀಡಿಯಮ್ಮಿನವಳು. ಟಿಫಿನ್ ಡಬ್ಬಿ ಮುಚ್ಚುತ್ತಲೇ ಹತ್ತಕ್ಕೆ ಹತ್ತೂ ಹೇಳಿ ಮುಗಿಸಿದಳು. ಯಾಕೆ ಹಾಗೆ ಎಂದು ಕೇಳಿದರೆ, ಕಿವಿಗೆ ಹಾಗೇ ಸರಿ ಅನ್ನಿಸುತ್ತದೆ ಅಮ್ಮೀ ಅಂದಳು. ಆ ಕಿವಿಯನ್ನು ಎರಡು ತಾಸು ಕಡ ಕೊಡುತ್ತೀಯೇನೆಂದು ಶಾಹೀನ ಕೇಳಬೇಕೆಂದುಕೊಂಡಳು.

ಹೀಗಾಗಿ ಅವಳು ಭಾನುವಾರ ಬೆಳಗ್ಗೆ ಮಾಟುಂಗದ ಕನ್ನಡ ಸಂಘದ ಹಾದಿ ಹಿಡಿದಳು. ಕೆಳಗೆ ಉಡುಪಿ ಹೋಟೆಲು, ಮೇಲೆ ಸಂಘದ ಕೋಣೆ. ವ್ಯಾಕರಣ ಏರುವ ಮೆಟ್ಟಿಲನ್ನೇ ಮಸಾಲೆ ದೋಸೆಯ ವಾಸನೆಯೂ ಏರುತ್ತಿತ್ತು. ಪಾಠ ಹೇಳುವವನು ನಾಣಿ. ಮೈಸೂರಿನವನು, ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ತೆಂಟು ವರ್ಷ ಪತ್ರವ್ಯವಹಾರ ನೋಡಿ ನಿವೃತ್ತನಾದವನು. ಎಪ್ಪತ್ತು ದಾಟಿದ್ದರೂ ಎಲ್ಲರ ಬಾಯಲ್ಲೂ ನಾಣಿ ಸರ್. ಉಡುಪಿ ಹೋಟೆಲಿನ ಮೆನುವಿನಲ್ಲಿದ್ದ ಇಂಗ್ಲಿಷ್ ತಪ್ಪುಗಳನ್ನು ತಿದ್ದಿ ತಿದ್ದಿ ಅವರ ಮೂರು ಮೆನು ಹಾಳು ಮಾಡಿದ್ದ. ಮಾಲೀಕ ಈಗ ಅವನಿಗೆ ಮೆನು ಕೊಡುವುದನ್ನೇ ಬಿಟ್ಟಿದ್ದ.

ನಾಣಿ ಶಾಹೀನಳಿಗೆ ಎರಡು ಪಟ್ಟಿ ಬರೆದುಕೊಟ್ಟ. ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್ ಎಂದು ಒಂದು ಕಡೆ. ಇವುಗಳ ಮುಂದೆ 'ಟು'. ಸ್ಟಾಪ್, ಅವಾಯ್ಡ್, ಕ್ವಿಟ್, ರಿಸ್ಕ್, ಡಿನಾಯ್, ಮಿಸ್, ಎಂಜಾಯ್, ಫಿನಿಶ್ ಎಂದು ಇನ್ನೊಂದು ಕಡೆ. ಇವುಗಳ ಮುಂದೆ 'ಇಂಗ್'. ಬಾಯಿಪಾಠ ಮಾಡು ಅಂದ. ಯಾಕೆ ಹೀಗೆ ಎಂದು ಅವಳು ಕೇಳಿದಾಗ, ಇಂಗ್ಲಿಷಿನವರು ಹಾಗನ್ನುತ್ತಾರೆ, ನಾವೂ ಹಾಗೇ ಅನ್ನಬೇಕು, ಬ್ಯಾಂಕಿನಲ್ಲಿ ತಾನು ಯಾಕೆ ಎಂದು ಒಂದು ದಿನವೂ ಕೇಳಿದವನಲ್ಲ ಅಂದ. ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ.

ಬಾಯಿಪಾಠ ಶಾಹೀನಳಿಗೆ ಒಗ್ಗದು. ಕಣ್ಣಲ್ಲಿ ಓದಿದ್ದು ಲೋಕಲ್ ರೈಲಿನ ನೂಕಾಟದಲ್ಲಿ ಎರಡು ಸ್ಟೇಶನ್ ಬರುವಷ್ಟರಲ್ಲಿ ಉದುರಿಹೋಗುತ್ತಿತ್ತು. ಕೈಯಲ್ಲಿ ಮಾಡಿದ್ದು ಮಾತ್ರ ಉಳಿಯುತ್ತಿತ್ತು. ಕೆಲಸದ ನಡುವೆ ಬರೆದು ಕಲಿಯೋಣವೆಂದರೆ ಲಿನನ್ ರೂಮಿನಲ್ಲಿ ಸೂಪರ್‌ವೈಸರನ ಮೇಜು ಬಿಟ್ಟರೆ ಪೆನ್ನು ನಿಷಿದ್ಧ, ಬಿಳಿ ಬಟ್ಟೆಗೆ ಶಾಯಿ ತಾಗಿದರೆ ಹೋಗುವುದಿಲ್ಲ. ಮೊಬೈಲು ಲಾಕರಿನಲ್ಲಿ. ಅಲ್ಲಿ ಯಾರೂ ಆಕ್ಷೇಪಿಸದ ವಸ್ತುಗಳೆಂದರೆ ಸೂಜಿ ಮತ್ತು ದಾರ.

ಸವೆದುಹೋದ ಬಟ್ಟೆಯನ್ನು ಅಲ್ಲಿ ಕಂಡೆಮ್ ಮಾಲು ಎನ್ನುತ್ತಾರೆ. ಅದರ ಒಂದು ಮೂಲೆಯನ್ನು ಕತ್ತರಿಸಿ ಇಡುವುದು ವಾಡಿಕೆ. ಕಣ್ಣು ತಪ್ಪಿದರೂ ಮಡಿಸುವ ಕೈಗೆ ಮೂಲೆ ಸಿಗದೆ ಎಚ್ಚರವಾಗುತ್ತದೆ, ಬಟ್ಟೆ ಮತ್ತೆ ಕೋಣೆಗೆ ಹೋಗುವುದಿಲ್ಲ. ಶಾಹೀನ ಸದಾನಂದನನ್ನು ಕೇಳಿ, ಇನ್ನೂ ಮೂಲೆ ಕತ್ತರಿಸದ ಅಂಥ ಒಂದು ಪಿಲ್ಲೋ ಕವರ್ ತೆಗೆದುಕೊಂಡಳು. ಮಧ್ಯಾಹ್ನ ಎರಡರಿಂದ ಮೂರರವರೆಗೆ, ಮೇಲೆ ಕೋಣೆಗಳೆಲ್ಲ ತಯಾರಾಗಿ ಕೆಳಗೆ ಉಸಿರಾಡಲು ಬಿಡುವಾಗುವ ಹೊತ್ತಿನಲ್ಲಿ, ಒಂದು ಬದಿಗೆ ನೀಲಿ ದಾರದಲ್ಲಿ 'ಟು' ಪದಗಳನ್ನೂ ಇನ್ನೊಂದು ಬದಿಗೆ ಕೆಂಪು ದಾರದಲ್ಲಿ 'ಇಂಗ್' ಪದಗಳನ್ನೂ ಹೊಲಿಯತೊಡಗಿದಳು. ದಿನಕ್ಕೆ ನಾಲ್ಕು ಪದ, ಒಂದರ ಕೆಳಗೊಂದು. ಅಕ್ಷರಗಳು ಅಚ್ಚು ಹಾಕಿದ ಹಾಗಿದ್ದವು. ಅಷ್ಟು ಚೆಂದಾಗಿ ಬಂದ ಬಟ್ಟೆಯ ಮೂಲೆಗೆ ಕತ್ತರಿ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ನಾಳೆ ಹಾಕಿದರಾಯಿತು ಎಂದುಕೊಂಡಳು, ಎರಡು ವಾರ ಹಾಗೇ ಅಂದುಕೊಂಡಳು.

ಹೊಲಿಯುತ್ತ ಹೊಲಿಯುತ್ತ ಅವಳಿಗೊಂದು ವಿಷಯ ಹೊಳೆಯಿತು. ಮುಂದಿನ ಭಾನುವಾರ ಮೆಟ್ಟಿಲು ಹತ್ತಿ ಹೋಗಿ ಕೂರುವ ಮೊದಲೇ ಹೇಳಿದಳು.

"ಇನ್ನ ಆಗಬೇಕಾದ್ದಕ್ಕ 'ಟು' ಬರ್ತದ್ರಿ ಸರ್. ವಾಂಟ್ ಅಂದ್ರ ಇನ್ನ ಸಿಕ್ಕಿಲ್ಲ, ಹೋಪ್ ಅಂದ್ರ ಇನ್ನ ಆಗಿಲ್ಲ. ಆದರ ಎಂಜಾಯ್ ಮಾಡಬೇಕಂದ್ರ, ನಿಲ್ಲಸಬೇಕಂದ್ರ, ಕೆಲಸ ಕೈಯಾಗ ಇರಬೇಕಲ್ರಿ. ಅದಕ್ಕ 'ಇಂಗ್'."

ನಾಣಿ ಕನ್ನಡಕ ತೆಗೆದು ಒರೆಸಿದ. ಆಮೇಲೆ, ಅಷ್ಟು ಸುಲಭವಾಗಿ ಸೋಲೊಪ್ಪುವ ಜಾತಿಯವನಲ್ಲವಾದ್ದರಿಂದ, ಮ್ಯಾನೇಜ್ ಎಂಬ ಪದ ತಂದು ಎದುರಿಗಿಟ್ಟ. ಅಲ್ಲಿ ಕೆಲಸ ಆಗಿಹೋಗಿದ್ದರೂ 'ಟು' ಬರುತ್ತದಲ್ಲ, ಅದಕ್ಕೇನು ಹೇಳುತ್ತೀಯಾ? ಎಲ್ಲ ಮನೆಯಲ್ಲೂ ಮಾತು ಕೇಳದ ಒಂದಿಬ್ಬರು ಇರುತ್ತಾರೆ, ಅವರನ್ನು ಬೇರೆ ಮೂಲೆಯಲ್ಲಿ ಹೊಲಿಯುತ್ತೇನೆ ಅಂದಳು ಶಾಹೀನ. ಅವತ್ತು ನಾಣಿ ಕೆಳಗಿನಿಂದ ಅವಳಿಗೊಂದು ಫಿಲ್ಟರ್ ಕಾಫಿ ತರಿಸಿಕೊಟ್ಟ. ಅವಳಿಗೆ ಖುಷಿಯಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ತನಗಿದು ದಕ್ಕುತ್ತದೆ ಎಂದು ಒಳಗಿನಿಂದ ಅನ್ನಿಸಿತು.

ಪರೀಕ್ಷೆ ಬುಧವಾರ. ಹಿಂದಿನ ಶನಿವಾರ ಮಧ್ಯಾಹ್ನ ಪಿಲ್ಲೋ ಕವರ್ ಎರಡೂ ಬದಿ ತುಂಬಿತು. ಹೊಲಿಯುವಾಗ ಮಾಸಿದೆಯೆಂದು ಅವಳದನ್ನು ತಾನೇ ಒಗೆದು, ಇಸ್ತ್ರಿ ಮಾಡಿ, ಎದುರಿಗೆ ಹರಡಿ ನೋಡಿ ಸಂತೋಷಪಟ್ಟಳು. ಅಷ್ಟರಲ್ಲಿ ಒಗೆತದ ಗಾಡಿ ಬಂತು. ನಾನೂರು ಪಿಲ್ಲೋ ಕವರ್ ಎಣಿಸಿ, ಮೂರು ಮಡಿಕೆ ಮಾಡಿ, ಕಪಾಟಿನಲ್ಲಿ ಜೋಡಿಸಬೇಕು. ಬಾಯಿ ಸದಾನಂದನ ಜೊತೆ ಮಾತಾಡುತ್ತಿತ್ತು, ತಲೆ ಪರೀಕ್ಷೆಯಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಮಡಿಸುತ್ತಿತ್ತು. ಎದುರಿಗಿದ್ದ ಬಟ್ಟೆಗೆ ನಾಲ್ಕು ಮೂಲೆಯೂ ಸರಿಯಾಗಿದ್ದವು. ಕೈ ಅದನ್ನೂ ಮೂರು ಮಡಿಕೆ ಮಾಡಿ ಕಪಾಟಿಗೆ ಸೇರಿಸಿತು.

ಭಾನುವಾರ ಅವಳಿಗೆ ರಜೆ. ಸೋಮವಾರ ಬೆಳಗ್ಗೆ ಡ್ಯೂಟಿಗೆ ಬಂದಾಗ ನೌಕರರ ಗೇಟಿನ ಹೊರಗೆ ಗೌಸ ನಿಂತಿದ್ದ. ನಾಲ್ಕನೇ ಮಹಡಿಯ ಕೋಣೆಗಳನ್ನು ತಯಾರು ಮಾಡುವವನು, ಸಿಂದಗಿಯವನು, ಐವತ್ತರ ಮನುಷ್ಯ. ಯೂನಿಫಾರ್ಮ್ ಇರಲಿಲ್ಲ. ಒಳಗೆ ಬರಬೇಡ, ವಿಚಾರಣೆ ಆಗುವವರೆಗೆ ಮನೆಯಲ್ಲಿರು ಅಂದಿದ್ದಾರಂತೆ. ಅವನು ನಡೆದದ್ದನ್ನು ಹೇಳತೊಡಗಿದಾಗ ಎರಡನೇ ಮಾತಿಗೇ ಶಾಹೀನಳಿಗೆ ತನ್ನ ಪಿಲ್ಲೋ ಕವರ್ ಎಲ್ಲಿ ಹೋಯಿತೆಂದು ತಿಳಿಯಿತು.

ಭಾನುವಾರ ಅವನು ಒಂದು ಕೋಣೆಯ ಹಾಸಿಗೆ ಹಾಕುವಾಗ ಕಸೂತಿ ಮಾಡಿದ ಪಿಲ್ಲೋ ಕವರೊಂದು ಕೈಗೆ ಬಂತು. ಗೌಸನಿಗೆ ಇಂಗ್ಲಿಷ್ ಓದಲು ಬಾರದು. ಹಬ್ಬದ ದಿನಗಳಲ್ಲಿ ಹೋಟೆಲಿನವರು ಗೆಸ್ಟುಗಳಿಗೆ ಶುಭ ಹಾರೈಸುವ ಅಕ್ಷರ ಹೊಲಿಸಿದ ದಿಂಬು ಇಡಿಸುವುದುಂಟು. ಇದೂ ಅಂಥದ್ದೇ, ಕಂಪನಿ ಹೊಸ ಡಿಸೈನು ತಂದಿದೆ ಎಂದುಕೊಂಡ. ನೀಲಿ ಬದಿ ಕೆಳಗೆ ಮಾಡಿ, ಹಾಸಿಗೆಯ ಮೇಲಿನ ಕೆಂಪು ಪಟ್ಟಿಗೆ ಹೊಂದುತ್ತದೆಂದು ಕೆಂಪು ಬದಿ ಮೇಲೆ ಮಾಡಿ, ದಿಂಬನ್ನು ನಟ್ಟ ನಡುವೆ ನೆಟ್ಟಗೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿ ಬಂದಿದ್ದ.

ಸಂಜೆ ಆರಕ್ಕೆ ಆ ಕೋಣೆಗೆ ಬಂದವಳು ಒಬ್ಬಳೇ ಪ್ರಯಾಣ ಮಾಡುತ್ತಿದ್ದ ಪರದೇಶದ ಹೆಂಗಸು. ಬಾಗಿಲು ತೆರೆದರೆ ದಿಂಬಿನ ಮೇಲೆ ರಕ್ತದ ಬಣ್ಣದಲ್ಲಿ ಬರೆದಿದೆ: ಸ್ಟಾಪ್. ಅವಾಯ್ಡ್. ಕ್ವಿಟ್. ರಿಸ್ಕ್. ನಿಲ್ಲಿಸು, ದೂರವಿರು, ಬಿಟ್ಟು ಹೋಗು, ಅಪಾಯ. ನಾಣಿ ಎಂಜಾಯ್ ಎಂಬುದನ್ನು ಪಟ್ಟಿಯ ಮೊದಲಿಗೆ ಬರೆದಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಆಕೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ರಿಸೆಪ್ಶನ್ನಿಗೆ ಓಡಿ ಬಂದಳು. ಸೆಕ್ಯೂರಿಟಿಯವರು ಮಂಚದ ಕೆಳಗೆ ಬಗ್ಗಿ ನೋಡಿದರು. ಆಕೆಗೆ ಬೇರೆ ಕೋಣೆ, ಕ್ಷಮಾಪಣೆ, ಹೂವು ಎಲ್ಲ ಕೊಟ್ಟು, ಹಾಸಿಗೆ ಹಾಕಿದವನು ಯಾರೆಂದು ಹುಡುಕಿದರೆ ಗೌಸ.

"ಓದಾಕ ಬರೂದಿಲ್ಲಂದ್ರ ನಂಬವಲ್ರು ಅಕ್ಕ," ಅಂದ ಗೌಸ. "ಬಾಳ ಚೆಂದ ಇತ್ತು, ಅದಕ್ಕ ಮ್ಯಾಲ ಇಟ್ಟೆ."

ಶಾಹೀನ ಕೆಳಗೆ ಹೋಗಿ ಸದಾನಂದನ ಎದುರು ಕೂತಳು. ಅವನಿಗೆ ಆಗಲೇ ಎಲ್ಲ ಗೊತ್ತಿತ್ತು. ಅವನು ಕೆಟ್ಟವನಲ್ಲ, ಹನ್ನೊಂದು ವರ್ಷ ಅವಳ ಕೆಲಸದ ಮೇಲೆ ತನ್ನ ಹೆಸರು ಬರೆದುಕೊಂಡು ನೆಮ್ಮದಿಯಾಗಿದ್ದವನು, ಹೋಗುವ ಮೊದಲು ಅವಳಿಗೆ ಒಳ್ಳೆಯದಾಗಲಿ ಎಂಬ ಆಸೆ ಅವನಿಗೂ ಇತ್ತು. ಸುತ್ತ ನೋಡಿ ದನಿ ತಗ್ಗಿಸಿದ.

"ಬುಧವಾರದವರೆಗೆ ಸುಮ್ಮನಿರಿ ಮಾರಾಯ್ರೆ. ಪರೀಕ್ಷೆ ಆಗ್ಲಿ, ಮತ್ತೆ ನೋಡುವ. ಈಗ ಹೇಳಿದ್ರೆ ಮೆಮೊ ಬರ್ತದೆ. ಮೆಮೊ ಬಂದವರನ್ನು ಯಾರಾದ್ರೂ ಸೂಪರ್‌ವೈಸರ್ ಮಾಡ್ತಾರಾ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೊಲಿದದ್ದು ಯಾರೆಂದು ಮೇಲಿನವರಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ. ಶಾಹೀನ ಒಂದು ರಾಶಿ ಟವೆಲ್ಲು ಮಡಿಸುವಷ್ಟು ಹೊತ್ತು ಅದನ್ನು ನಿಜವಾಗಿಯೂ ಯೋಚಿಸಿದಳು. ಆಸೆಯಾಯಿತು, ಆಸೆಯಾದದ್ದಕ್ಕೆ ನಾಚಿಕೆಯಾಗಲಿಲ್ಲ. ಆದರೆ ಗೌಸ ದಿಂಬಿಟ್ಟು ಹಿಂದೆ ಸರಿದು ನೋಡಿದನಲ್ಲ, ಅದು ಮಾತ್ರ ಕಣ್ಣ ಮುಂದಿನಿಂದ ಹೋಗಲೊಲ್ಲದು. ತನ್ನ ಕಸೂತಿಯನ್ನು ಮೆಚ್ಚಿದ ಒಬ್ಬನೇ ಒಬ್ಬ ಮನುಷ್ಯ ಗೇಟಿನ ಹೊರಗೆ ನಿಂತಿದ್ದ. ಟವೆಲ್ಲಿನ ರಾಶಿ ಮುಗಿದ ಕೂಡಲೇ ಅವಳು ಲಿಫ್ಟು ಹತ್ತಿದಳು.

ಹೌಸ್‌ಕೀಪಿಂಗಿನ ಮುಖ್ಯಸ್ಥೆ ಅಪೇಕ್ಷಾ ಬೆಂಗಳೂರಿನವಳು, ಮೂವತ್ತೆರಡರ ಹುಡುಗಿ. ಹೋಟೆಲಿನಲ್ಲಿ ಎಲ್ಲರೊಡನೆ ಇಂಗ್ಲಿಷು, ಸಿಟ್ಟು ಬಂದರೆ ಹಿಂದಿ. ಶಾಹೀನ ಹಿಂದಿಯಲ್ಲೇ ನಾಲ್ಕು ಮಾತಲ್ಲಿ ಹೇಳಿ ಮುಗಿಸಿದಳು: ಹೊಲಿದದ್ದು ನಾನು, ಕಪಾಟಿಗಿಟ್ಟದ್ದೂ ನಾನು. ಅಪೇಕ್ಷಾ ಎದುರಿಗಿದ್ದ ದೂರಿನ ಹಾಳೆಯ ಮೇಲೆ ಅವಳ ಹೆಸರು ಬರೆದುಕೊಂಡಳು. ಆಮೇಲೆ, ನಡೆದದ್ದನ್ನು ಇಂಗ್ಲಿಷಿನಲ್ಲಿ ಬರೆದು ನಾಳೆ ಹತ್ತು ಗಂಟೆಯೊಳಗೆ ಕೊಡಿ, ನಿಮ್ಮ ಪರೀಕ್ಷೆಯ ವಿಷಯ ಆಮೇಲೆ ನೋಡೋಣ ಅಂದಳು. ಗೌಸನನ್ನು ಒಳಗೆ ಕರೆಸಲು ಫೋನು ಮಾಡಿದಳು.

ಡ್ಯೂಟಿ ಮುಗಿದದ್ದೇ ಶಾಹೀನ ಲೋಕಲ್ ಹಿಡಿದು ಮಾಟುಂಗ ರೋಡಿನಲ್ಲಿ ಇಳಿದು ನಾಣಿಯ ಮನೆಗೆ ನಡೆದಳು. ವಿಷಯ ಕೇಳಿ ನಾಣಿ ಮೊದಲು ಅಳಬೇಕೋ ನಗಬೇಕೋ ತಿಳಿಯದೆ ಕೂತ, ಅವನ ಹೆಂಡತಿ ವಿಮಲಾ ನಕ್ಕೇ ಬಿಟ್ಟರು. ಆದರೆ ಪತ್ರ ಎಂದೊಡನೆ ನಾಣಿಗೆ ಹತ್ತು ವರ್ಷ ಕಡಿಮೆಯಾಯಿತು. ಮೂವತ್ತೆಂಟು ವರ್ಷ ಬರೆದದ್ದು ಅದೇ ತಾನೇ. ಒಂದೇ ಉಸಿರಿಗೆ ಒಂದು ಪುಟ ಬರೆದು, ಗಂಟಲು ಸರಿಪಡಿಸಿಕೊಂಡು ಓದಿ, ಒಂದೊಂದು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳಿದ. ಅನಿವಾರ್ಯ ಸನ್ನಿವೇಶಗಳಲ್ಲಿ ಅನುದ್ದೇಶಿತವಾದ ಒಂದು ಲೋಪ ಸಂಭವಿಸಿರುವುದು ವಿಷಾದಪೂರ್ವಕವಾಗಿ ಗಮನಕ್ಕೆ ಬಂದಿದೆ, ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು. ಇಂಗ್ಲಿಷಿನಲ್ಲಿ ಅದು ಇನ್ನೂ ಗಂಭೀರವಾಗಿತ್ತು. ಒಂದೇ ಒಂದು ತಪ್ಪಿರಲಿಲ್ಲ.

ಶಾಹೀನ ಅದನ್ನು ಎರಡು ಸಲ ಓದಿದಳು.

"ಸರ್, ಇದರಾಗ ಯಾರೂ ಏನೂ ಮಾಡೇ ಇಲ್ಲಲ್ರಿ," ಅಂದಳು. "ನಾ ಇಲ್ಲ, ಗೌಸ ಇಲ್ಲ. ಪಿಲ್ಲೋ ಕವರ್ ತಾನಾ ಎದ್ದು ಮ್ಯಾಲ ಹೋದಂಗ ಅದ."

"ಅದೇ ಕಣಮ್ಮಾ ಜಾಣತನ," ಅಂದ ನಾಣಿ. "ಹಾಗೆ ಬರೆದೇ ನಾನು ಒಂದು ಮೆಮೊನೂ ಇಲ್ದೆ ರಿಟೈರಾದೆ."

ಹೇಳಿ ಮುಗಿಸಿದ ಮೇಲೆ ಅವನಿಗೇ ತನ್ನ ಮಾತು ಅಷ್ಟೇನೂ ಚೆನ್ನಾಗಿ ಕೇಳಿಸಲಿಲ್ಲ. ಶಾಹೀನ ಒಂದು ಖಾಲಿ ಹಾಳೆ ಕೇಳಿದಳು. ಅಡಿಗೆಮನೆಯ ಮೇಜಿನ ಮೇಲೆ ಕೂತು, ಮುಕ್ಕಾಲು ಗಂಟೆ, ಒಂಬತ್ತು ವಾಕ್ಯ ಬರೆದಳು. ಹೊಲಿದದ್ದು ನಾನು, ಇಂಗ್ಲಿಷ್ ಕಲಿಯಲು. ಮೂಲೆ ಕತ್ತರಿಸಬೇಕಿತ್ತು, ಕತ್ತರಿಸಲಿಲ್ಲ, ಯಾಕೆಂದರೆ ಅದು ಚೆಂದವಿತ್ತು. ಮಡಿಸಿ ಕಪಾಟಿಗೆ ಇಟ್ಟದ್ದು ನಾನು. ಗೌಸನಿಗೆ ಓದಲು ಬಾರದು, ಅವನ ತಪ್ಪಿಲ್ಲ. ಆ ಗೆಸ್ಟ್ ಹೆದರಿದ್ದಕ್ಕೆ ನನಗೆ ನಾಚಿಕೆಯಾಗಿದೆ. ಇನ್ನು ಮುಂದೆ ಕಂಡೆಮ್ ಮಾಲು ಕಪಾಟಿನ ಕೋಣೆಗೆ ಬರುವ ಮೊದಲೇ, ಬಾಗಿಲಲ್ಲೇ ಮೂಲೆ ಕತ್ತರಿಸಬೇಕು, ಯಾರೂ ನಾಳೆ ಎನ್ನಬಾರದು. ಪರೀಕ್ಷೆಗೆ ಕೂರಲು ಈಗಲೂ ನನಗೆ ಆಸೆಯಿದೆ. ಹೀಗೆ.

ನಾಣಿ ಪೆನ್ನು ಬಿಚ್ಚಿಕೊಂಡೇ ಓದಿದ. ಎರಡು ತಪ್ಪಿದ್ದವು. ಒಂದರಿಂದ ಅರ್ಥವೇ ತಿರುಗುಮುರುಗಾಗುತ್ತಿತ್ತು, ಅದನ್ನು ತೋರಿಸಿದ, ಅವಳು ತಿದ್ದಿಕೊಂಡಳು. ಇನ್ನೊಂದರ ಮೇಲೆ ಅವನ ಪೆನ್ನು ಸುಳಿದಾಡುತ್ತಿರುವುದನ್ನು ವಿಮಲಾ ನೋಡಿದರು. ಅದು ಇರಲಿ ಬಿಡಿ, ಬರೆದದ್ದು ಅವಳೇ ಅಂತ ನಂಬಬೇಕಲ್ಲ ಅಂದರು. ನಾಣಿ ಪೆನ್ನಿಗೆ ಮುಚ್ಚಳ ಹಾಕಿದ, ಆ ಸಂಕಟ ಅವನ ಮುಖದಲ್ಲಿ ಊಟದವರೆಗೂ ಇತ್ತು.

ಮಂಗಳವಾರ ಪತ್ರ ಕೊಟ್ಟದ್ದಾಯಿತು. ಮೇಲಿನಿಂದ ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ಬುಧವಾರ ಪರೀಕ್ಷೆಗೆ ಮಾತ್ರ ಕರೆದರು. ಹದಿನಾಲ್ಕು ಬಂತು, ಹನ್ನೆರಡಕ್ಕೆ ಪಾಸು. 'ಟು', 'ಇಂಗ್' ಹತ್ತರಲ್ಲಿ ಒಂಬತ್ತು ಸರಿ, ತಪ್ಪಿದ್ದು ಮ್ಯಾನೇಜ್. ಹೊರಗಿನಿಂದ ಬಂದ ಹುಡುಗಿಗೆ ಹತ್ತೊಂಬತ್ತು. ಹದಿನಾಲ್ಕು ಮತ್ತು ಬರಲಿರುವ ಒಂದು ಮೆಮೊ, ಹತ್ತೊಂಬತ್ತರ ಎದುರು. ಇದರಲ್ಲಿ ಯಾರು ಗೆಲ್ಲುತ್ತಾರೆಂದು ತಿಳಿಯಲು ಶಾಹೀನಳಿಗೆ ಇಂಗ್ಲಿಷ್ ಬೇಕಿರಲಿಲ್ಲ.

ಶುಕ್ರವಾರ ಇಂಟರ್‌ವ್ಯೂ. ಅಪೇಕ್ಷಾಳ ಮೇಜಿನ ಮೇಲೆ ಒಂದು ದಪ್ಪ ಫೈಲು, ಅದರ ಮೇಲೆ ಶಾಹೀನಳ ಒಂಬತ್ತು ವಾಕ್ಯ. ಅಪೇಕ್ಷಾ ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿದಳು, ಇವಳು ಉತ್ತರ ಹೇಳಿದಳು. ಆಮೇಲೆ ಅಪೇಕ್ಷಾ ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಇಷ್ಟು ವರ್ಷದಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು.

"ಈ ಫೈಲಲ್ಲಿ ನಾಲ್ಕು ವರ್ಷದ ವಿವರಣೆಗಳಿವೆ. ಒಳ್ಳೊಳ್ಳೆ ಇಂಗ್ಲಿಷು. ಓದಿದ್ರೆ ಈ ಹೋಟೆಲಲ್ಲಿ ಯಾರೂ ಯಾವತ್ತೂ ಏನೂ ತಪ್ಪು ಮಾಡಿಲ್ಲ." ಒಂಬತ್ತು ವಾಕ್ಯದ ಹಾಳೆಯನ್ನು ಬೆರಳಿಂದ ಮುಟ್ಟಿದಳು. "ಏನಾಯ್ತು, ಯಾರಿಂದ ಆಯ್ತು, ಇನ್ಮೇಲೆ ಏನ್ಮಾಡ್ಬೇಕು. ನನಗೆ ಲಿನನ್ ರೂಮಿಂದ ಬೇಕಾಗಿರೋದು ಇಷ್ಟೇ ಶಾಹೀನ ಅವರೇ. ಒಂದನೇ ತಾರೀಕಿಂದ ನೀವು ಬರೀರಿ."

ಮೆಮೊ ಮಾತ್ರ ಕೊಡಲೇಬೇಕಾಗುತ್ತದೆ, ಗೆಸ್ಟ್ ದೂರು ಕೊಟ್ಟಿದ್ದಾರೆ, ಅದನ್ನು ತಪ್ಪಿಸಲು ತನಗೂ ಆಗುವುದಿಲ್ಲ ಅಂದಳು. ಶಾಹೀನ ಹತ್ತು ಮೆಮೊ ಬೇಕಾದರೂ ತೆಗೆದುಕೊಳ್ಳುವ ಸ್ಥಿತಿಯಲ್ಲಿದ್ದಳು. ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ಕಣ್ಣು ತುಂಬಿ ಬಂತು. ಕೆಳಗೆ ಬಾಗಿಲು ತೆರೆಯುವಷ್ಟರಲ್ಲಿ ಸೆರಗಿನಿಂದ ಒರೆಸಿಕೊಂಡಳು.

ಮೂವತ್ತೊಂದಕ್ಕೆ ಸದಾನಂದ ಶಾಲು ಹೊದೆಸಿಕೊಂಡು ಹೊರಟ. ಕಾಗದಪತ್ರ ಎಲ್ಲ ಕಚೇರಿಯಲ್ಲೂ ನಿಧಾನವೇ. ಮೆಮೊ ಅಚ್ಚಾಗಿ, ಮೇಲಿನ ಸಹಿಯಾಗಿ, ನೆಲಮಾಳಿಗೆಗೆ ಇಳಿದು ಬಂದದ್ದು ಒಂದನೇ ತಾರೀಕು ಬೆಳಗ್ಗೆ. ಶಾಹೀನ ಆ ಕುರ್ಚಿಯಲ್ಲಿ ಕೂತು ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಹಾಳೆಯ ಅಡಿಯಲ್ಲಿ ಎರಡು ಗೆರೆ ಇದ್ದವು: ಎಡಕ್ಕೆ ಮೆಮೊ ಕೊಡುವ ಸೂಪರ್‌ವೈಸರ್ ಸಹಿ, ಬಲಕ್ಕೆ ಪಡೆಯುವ ನೌಕರರ ಸಹಿ.

ಅವಳದನ್ನು ಮೊದಲಿನಿಂದ ಕೊನೆಯವರೆಗೆ, ಬೆರಳಿಟ್ಟು, ಇಂಗ್ಲಿಷಿನಲ್ಲಿ ಓದಿದಳು. ಎಲ್ಲ ಅರ್ಥವಾಯಿತು. ಎಡಗಡೆಯ ಗೆರೆಯ ಮೇಲೆ ನಿಧಾನವಾಗಿ ತನ್ನ ಹೆಸರು ಬರೆದಳು.

ಕೌಂಟರಿನ ಆಚೆ ನಾಲ್ಕನೇ ಮಹಡಿಯ ಬಟ್ಟೆಗಾಗಿ ಗೌಸ ಕಾಯುತ್ತಿದ್ದ. ಓದಲು ಬಾರದಿದ್ದರೂ ಮೆಮೊ ಹಾಳೆಯ ಗುರುತು ಅವನಿಗಿತ್ತು. ಯಾರಿಗೆ ಅಕ್ಕ ಮೆಮೊ, ಮೊದಲನೇ ದಿನಾನ, ಎಂದು ಕೇಳಿದ.

"ನಾ ಬರೂತನ ನಿಂದ್ರು," ಅಂದಳು ಶಾಹೀನ. ಕುರ್ಚಿಯಿಂದ ಎದ್ದು, ಮೇಜನ್ನು ಸುತ್ತಿ ಬಂದು, ಈಚೆಗಿದ್ದ ಸ್ಟೂಲಿನ ಮೇಲೆ ಕೂತು, ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬಲಗಡೆಯ ಗೆರೆಯ ಮೇಲೂ ಸಹಿ ಹಾಕಿದಳು.